ಜಾನುವಾರುಗಳ ಬಹಿರಂಗ ಹರಾಜು: ಏರ್ಪಡಿಸುವ ಮತ್ತು ನಡೆಸುವ ಕ್ರಮ

(ಮಾನ್ವಿ ಸೀಮೆಯ ಭೂಹಿಡುವಳಿದಾರರ ಹಾಗೂ ಗ್ರಾಮಪ್ರಮುಖರ ಉಪಯೋಗಕ್ಕಾಗಿ)

ಮಾನ್ವಿ ಸೀಮೆಯ ರೈತನು ಹತ್ತಿಯನ್ನಾಗಲಿ ಶೇಂಗಾವನ್ನಾಗಲಿ ರಾಯಚೂರಿನ ಪೇಟೆಗೆ ಒಯ್ದರೆ, ಆ ದಿನದ ಧಾರಣೆಯು ಎಷ್ಟೆಂಬುದು ಅವನಿಗೂ ಅವನ ಪಕ್ಕದ ಬಂಡಿಯವನಿಗೂ ತಿಳಿಯುವುದು. ಅದೇ ರೈತನು ತನ್ನ ಜೋಡೆತ್ತನ್ನು ಜಾತ್ರೆಗೆ ಹೊಡೆದುಕೊಂಡು ಹೋದಾಗ ವ್ಯವಹಾರದ ರೀತಿಯೇ ಬೇರೆ. ದಲ್ಲಾಳಿಯು ಹೆಗಲ ಮೇಲಿನ ವಲ್ಲಿಯನ್ನು ಕೈಯ ಮೇಲೆ ಹೊದೆಸಿ, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ಸೂಚಿಸುವನು. ಮಾರುವವನ ಬೆರಳು ಹಿಡಿದು ಒಂದು ಬೆಲೆಯನ್ನೂ ಕೊಳ್ಳುವವನ ಬೆರಳು ಹಿಡಿದು ಇನ್ನೊಂದನ್ನೂ ಹೇಳಿದರೆ, ನಡುವಿನ ಅಂತರವು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಈ ಪದ್ಧತಿಯು ಬಹು ಹಳೆಯದು. ಎಲ್ಲ ದಲ್ಲಾಳಿಗಳೂ ಅಪ್ರಾಮಾಣಿಕರೆಂದು ಹೇಳುವುದು ನ್ಯಾಯವಲ್ಲ. ಆದರೆ ಬೆಲೆಯು ವಸ್ತ್ರದ ಕೆಳಗೆ ಇರುವ ತನಕ ಒಬ್ಬನಿಗೆ ಸಿಕ್ಕಿದ್ದು ಮತ್ತೊಬ್ಬನಿಗೆ ತಿಳಿಯದು. ತಿಳಿಯದ ಕಾರಣ, ಅವಸರದಲ್ಲಿರುವವನು ಕಡಿಮೆಗೆ ಒಪ್ಪಿ ಹಗ್ಗವನ್ನು ಕೈಬಿಡುವನು.

ಗ್ರಾಮದವರು ತಾವೇ ಕೂಡಿ ವರ್ಷಕ್ಕೊಮ್ಮೆ ಬಹಿರಂಗ ಹರಾಜನ್ನು ಏರ್ಪಡಿಸಿದರೆ ಈ ಕುಂದು ಬಹುಮಟ್ಟಿಗೆ ನಿವಾರಣೆಯಾಗುವುದು. ಬರಿಯ ಪೆಂಡಾಲು ಹಾಕಿ ಗಟ್ಟಿ ಗಂಟಲಿನವನೊಬ್ಬನನ್ನು ನಿಲ್ಲಿಸಿದ ಮಾತ್ರಕ್ಕೆ ಹರಾಜಾಗದು. ಹರಾಜಿನ ದಿನದ ಫಲವು ಅದಕ್ಕೆ ಮುಂಚಿನ ಎರಡು ತಿಂಗಳುಗಳ ಕೆಲಸವನ್ನು ಅವಲಂಬಿಸಿರುವುದು.

ಬೆಲೆಯನ್ನು ನಿಶ್ಚಯಿಸುವವನು ಯಾರು

ಹರಾಜಿನಲ್ಲಿ ಗೆದ್ದವನೇ ಬೆಲೆ ಕಟ್ಟಿದನೆಂದು ಸಾಮಾನ್ಯವಾಗಿ ಜನರು ಭಾವಿಸುವರು. ಅದು ತಪ್ಪು. ಒಂದು ಜೋಡೆತ್ತಿಗೆ ಮೂವರು ಬಂದಿರುವರೆಂದು ಇಟ್ಟುಕೊಳ್ಳೋಣ. ಮೊದಲನೆಯವನಿಗೆ ಒಂದು ಲಕ್ಷ ರೂಪಾಯಿಯ ತನಕ ಕೊಡುವ ಮನಸ್ಸಿದೆ, ಎರಡನೆಯವನಿಗೆ 84,000, ಮೂರನೆಯವನಿಗೆ 70,000. ಸವಾಲು ಸಾವಿರ ಸಾವಿರವಾಗಿ ಏರುತ್ತ ಹೋದಂತೆ 70,000ದಲ್ಲಿ ಮೂರನೆಯವನು ಹಿಂದೆ ಸರಿಯುವನು, 84,000ದಲ್ಲಿ ಎರಡನೆಯವನು ಸುಮ್ಮನಾಗುವನು, ಮೊದಲನೆಯವನು 85,000ಕ್ಕೆ ಎತ್ತುಗಳನ್ನು ಬಿಡಿಸಿಕೊಳ್ಳುವನು. ಅವನ ಮನಸ್ಸಿನಲ್ಲಿದ್ದ ಲಕ್ಷವು ಅವನ ಜೇಬಿನಲ್ಲೇ ಉಳಿಯಿತು. ಆ ದಿನ ಎರಡನೆಯವನು ಬಾರದೆ ಹೋಗಿದ್ದರೆ ಅದೇ ಎತ್ತುಗಳು 71,000ಕ್ಕೆ ಹೋಗುತ್ತಿದ್ದವು. ಎತ್ತು ಅದೇ, ಗೆದ್ದವನೂ ಅದೇ; ಮಾರಿದವನಿಗೆ ಆದ ನಷ್ಟ 14,000 ರೂಪಾಯಿ.

ಆದ್ದರಿಂದ ಮಾರುವವನಿಗೆ ಬೆಲೆಯನ್ನು ತಂದುಕೊಡುವವನು ಸೋತವನು. ಹರಾಜನ್ನು ಏರ್ಪಡಿಸುವ ಪಂಚರ ಮುಖ್ಯ ಕೆಲಸವು, ಕಣಕ್ಕೆ ಬರುವ ಪ್ರತಿಯೊಂದು ಬಗೆಯ ಜಾನುವಾರಿಗೂ ನಿಜವಾಗಿ ಕೊಳ್ಳುವ ಇಚ್ಛೆಯುಳ್ಳ ಎರಡನೆಯವನೊಬ್ಬನನ್ನು ತಂದು ನಿಲ್ಲಿಸುವುದು. ಮುಂದೆ ಹೇಳುವ ನಿಯಮಗಳೆಲ್ಲವೂ ಇದೊಂದಕ್ಕಾಗಿಯೇ ಇರುವಂಥವು.

ಕಾಲ, ಸ್ಥಳ, ಪ್ರಕಟಣೆ

ಎತ್ತುಗಳ ಹರಾಜಿಗೆ ಮಾಘ, ಫಾಲ್ಗುಣ ಮಾಸಗಳು ಉತ್ತಮವು. ಎರೆಭೂಮಿಯ ಹಿಂಗಾರು ಜೋಳವು ಕೈಗೆ ಬಂದು ಸೊಪ್ಪೆಯ ಬಣವೆಗಳು ಎದ್ದಿರುವುವು. ಹತ್ತಿಯ ಹಣವು ಬಂದಿರುವುದು. ಮುಂಗಾರಿನ ಬೇಸಾಯಕ್ಕೆ ಮುನ್ನ ಹೊಸ ಎತ್ತುಗಳನ್ನು ಪಳಗಿಸಲು ಕೊಳ್ಳುವವನಿಗೆ ಅವಕಾಶವಿರುವುದು. ಕಾರಹುಣ್ಣಿಮೆಯ ಹೊತ್ತಿಗೆ ಎತ್ತು ಬೇಕೆನ್ನುವವರು ಹೆಚ್ಚಾದರೂ ಕೈಯಲ್ಲಿ ಹಣವಿರುವವರು ಕಡಿಮೆ. ಬಿತ್ತನೆ ಬೀಜ ಮತ್ತು ಗೊಬ್ಬರಕ್ಕೆ ಹಣವು ಹೋಗಿರುವುದು. ಸಮೀಪದ ದೊಡ್ಡ ಜಾತ್ರೆಯ ದಿನವಾಗಲಿ, ನೆರೆಯ ತಾಲ್ಲೂಕಿನ ದನದ ಸಂತೆಯ ದಿನವಾಗಲಿ ಹರಾಜನ್ನು ಇಡಕೂಡದು. ಅದರಿಂದ ಮೊದಲು ತಪ್ಪಿಹೋಗುವವನು ಮೇಲೆ ಹೇಳಿದ ಎರಡನೆಯವನೇ.

ಸ್ಥಳವು ರಸ್ತೆಗೆ ಹತ್ತಿರವಾಗಿಯೂ ನೀರು ನಿಲ್ಲದ ಗಟ್ಟಿ ನೆಲವಾಗಿಯೂ ಇರತಕ್ಕದ್ದು. ಬೇಸಿಗೆ ಸಮೀಪಿಸಿರುವಾಗ ಬೆಳೆದ ಎತ್ತೊಂದಕ್ಕೆ ದಿನಕ್ಕೆ ಸುಮಾರು 40ರಿಂದ 60 ಲೀಟರು ನೀರು ಬೇಕಾಗುವುದು. ಅರವತ್ತು ಜೋಡಿ ಬರುವುವೆಂದರೆ ಆರೇಳು ಸಾವಿರ ಲೀಟರಿಗೆ ಏರ್ಪಾಡು ಬೇಕು. ಒಂದು ಬೋರಿನ ನೀರನ್ನು ನಂಬಿ ಕೂಡುವುದು ಸರಿಯಲ್ಲ. ನೆರಳು ಮತ್ತು ಮೇವು ಇಲ್ಲದ ಕಡೆ ಹೊಟ್ಟೆ ಬತ್ತಿ ನಿಂತ ಎತ್ತಿಗೆ ಯಾವ ಕೂಗಾಟದಿಂದಲೂ ಬೆಲೆ ಬಾರದು.

ಪ್ರಕಟಣೆಯು ಮಾನ್ವಿ, ಸಿರವಾರ, ಕವಿತಾಳ, ಪೋತ್ನಾಳಗಳಲ್ಲಿ ಡಂಗುರ ಹೊಡೆದಲ್ಲಿಗೆ ಮುಗಿಯಕೂಡದು. ದೇವದುರ್ಗ ಮತ್ತು ಸಿಂಧನೂರಿನ ಕಡೆಯ ರೈತರೂ, ತುಂಗಭದ್ರೆಯ ಆಚೆಯ ಆಂಧ್ರದ ರೈತರೂ ಬರುವಂತಾಗಬೇಕು. ಈ ಸೀಮೆಯು ಮೂರು ಭಾಷೆಗಳ ಸೀಮೆ. ಕರಪತ್ರವನ್ನು ಕನ್ನಡದ ಜೊತೆಗೆ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಅಚ್ಚು ಹಾಕಿಸುವುದಕ್ಕೆ ಆಗುವ ವೆಚ್ಚವು ಅಲ್ಪ. ಹೊಳೆ ದಾಟಿ ಬಂದ ಒಬ್ಬ ಗಿರಾಕಿಯು ಒಂದೇ ಜೋಡಿಯ ಮೇಲೆ ಆ ವೆಚ್ಚವನ್ನು ತುಂಬಿಕೊಡುವನು. ಸವಾಲನ್ನು ಕೂಗುವವನು ಮೊಬ್ಬಲಗನ್ನು ಮೂರು ಭಾಷೆಗಳಲ್ಲಿಯೂ ಹೇಳಬಲ್ಲವನಾಗಿದ್ದರೆ ಮತ್ತೂ ಉತ್ತಮ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಿಂದಲೂ ಗ್ರಾಮ ಪಂಚಾಯತಿಯಿಂದಲೂ ಪಡೆಯಬೇಕಾದ ಅನುಮತಿಗಳನ್ನು ದಿನಾಂಕವನ್ನು ಪ್ರಕಟಿಸುವ ಮೊದಲೇ ವಿಚಾರಿಸಿಕೊಳ್ಳಬೇಕು.

ಜಾನುವಾರುಗಳ ಪಟ್ಟಿ

ಹರಾಜಿನ ಜೀವವು ಪಟ್ಟಿಯಲ್ಲಿದೆ. ಕೊಳ್ಳಲು ಬಂದವನು 80,000ದಲ್ಲಿ ಏಕೆ ನಿಂತುಬಿಡುವನು? ಅನೇಕ ವೇಳೆ ಹಣವಿಲ್ಲದೆ ಅಲ್ಲ, ಎತ್ತಿನಲ್ಲಿ ಏನೋ ಐಬು ಅಡಗಿರಬಹುದೆಂಬ ಅಂಜಿಕೆಯಿಂದ. ಐಬನ್ನು ಮುಂಚಿತವಾಗಿ ಹೇಳಿಬಿಟ್ಟರೆ ಆ ಒಂದು ಎತ್ತಿನ ಬೆಲೆಯು ಸ್ವಲ್ಪ ತಗ್ಗಬಹುದು. ಆದರೆ ಮುಚ್ಚಿಟ್ಟರೆ ಕಣದಲ್ಲಿರುವ ಎಲ್ಲ ಎತ್ತುಗಳ ಬೆಲೆಯೂ ತಗ್ಗುವುದು. ಗ್ರಾಮಪ್ರಮುಖರು ತಮ್ಮ ಆಪ್ತರ ಎತ್ತಿನ ವಿಷಯದಲ್ಲಿಯೂ ಈ ಮಾತನ್ನು ಸಡಿಲಿಸಕೂಡದು. ಹರಾಜು ಕೆಡುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಪಂಚರಲ್ಲಿ ಇಬ್ಬರು ಮತ್ತು ಪಶುವೈದ್ಯರು ಕೂಡಿ, ಹರಾಜಿಗೆ ಒಂದು ವಾರ ಮುಂಚೆ ಪ್ರತಿಯೊಂದನ್ನು ಪರೀಕ್ಷಿಸಿ ಬರೆಯಬೇಕು. ವಯಸ್ಸನ್ನು ಮಾಲೀಕನ ಬಾಯಿಂದಲ್ಲ, ಎತ್ತಿನ ಬಾಯಿಂದ ಕೇಳತಕ್ಕದ್ದು. ಹಾಲುಹಲ್ಲು ಬಿದ್ದು ಮೊದಲ ಎರಡು ಹಲ್ಲು ಬರುವುದು ಸುಮಾರು ಎರಡು, ಎರಡೂವರೆ ವರ್ಷಕ್ಕೆ. ನಾಲ್ಕು ಹಲ್ಲು ಮೂರರ ಸುಮಾರಿಗೆ. ಆರು ಹಲ್ಲು ಮೂರೂವರೆಯಿಂದ ನಾಲ್ಕಕ್ಕೆ. ನಾಲ್ಕೂವರೆಯಿಂದ ಐದು ವರ್ಷಕ್ಕೆ ಬಾಯಿ ಗೂಡುವುದು. ಮೇವು ಕಡಿಮೆಯಾದ ದನಗಳಲ್ಲಿ ಇದು ಇನ್ನೂ ತಡವಾಗುವುದುಂಟು. ಬಾಯಿ ಗೂಡಿದ ಮೇಲೆ ಹಲ್ಲಿನ ಸವೆತವನ್ನು ನೋಡಿ ಅಂದಾಜು ಹೇಳಬಹುದೇ ಹೊರತು ಖಚಿತವಾಗಿ ವರ್ಷವನ್ನು ಬರೆಯಕೂಡದು.

ವಯಸ್ಸಿನ ಜೊತೆಗೆ ಬಣ್ಣ, ಕೊಂಬಿನ ರೂಪ, ತಳಿ, ಎಡಬಲ ಯಾವ ಕಡೆಗೆ ರೂಢಿಯಾಗಿದೆ, ಕುಂಟೆ, ನೇಗಿಲು, ಬಂಡಿ ಯಾವುದಕ್ಕೆ ಹೂಡಲಾಗಿದೆ, ಹೆಗಲ ಹುಣ್ಣು, ಕುಂಟು, ಹಾಯುವ ಅಥವಾ ಒದೆಯುವ ಚಾಳಿ, ಕೆಲಸದ ನಡುವೆ ಮಲಗುವ ಗುಣ ಇವುಗಳನ್ನೂ ಬರೆಯಬೇಕು. ಸುಳಿಗಳ ಶುಭಾಶುಭಕ್ಕೂ ಎತ್ತಿನ ದುಡಿಮೆಗೂ ಯಾವ ಸಂಬಂಧವೂ ಇಲ್ಲ. ಆದರೂ ಕೊಳ್ಳುವವರಲ್ಲಿ ಅನೇಕರು ಮೊದಲು ನೋಡುವುದು ಸುಳಿಯನ್ನೇ ಆದ್ದರಿಂದ ಅದನ್ನೂ ಪಟ್ಟಿಯಲ್ಲಿ ಕಾಣಿಸಿಬಿಡುವುದು ಜಾಣತನ; ಆಮೇಲೆ ಅದೇ ನೆವದಿಂದ ಜಗಳ ತೆಗೆಯಲು ಎಡೆಯಿರದು. ಕಿವಿಯೋಲೆಯ ಹನ್ನೆರಡು ಅಂಕೆಗಳ ಸಂಖ್ಯೆಯನ್ನು ತಪ್ಪದೆ ಬರೆಯಬೇಕು. ಸಾಲಕ್ಕೆ ಆಧಾರವಾಗಿರುವ ಅಥವಾ ವಿಮೆ ಮಾಡಿಸಿರುವ ಜಾನುವಾರಿನ ವಿಷಯದಲ್ಲಿ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಮ್ಮತಿಪತ್ರವಿಲ್ಲದೆ ಪಟ್ಟಿಗೆ ಸೇರಿಸಕೂಡದು.

ಎತ್ತುಗಳನ್ನು ಹರಾಜಿನ ದಿನ ಬೆಳಿಗ್ಗೆ ಹೂಡಿ ತೋರಿಸುವುದು ಒಳ್ಳೆಯದು. ಹೇರಿದ ಬಂಡಿಯನ್ನು ಎರೆಮಣ್ಣಿನಲ್ಲಿ ಇನ್ನೂರು ಹೆಜ್ಜೆ ಎಳೆದದ್ದನ್ನು ನೋಡಿದವನಿಗೆ ಬೇರೆ ವರ್ಣನೆಯು ಬೇಕಿಲ್ಲ. ಎಮ್ಮೆಗಳ ವಿಷಯದಲ್ಲಿ ಒಂದು ಹೊತ್ತು ಹಾಲು ಹಿಂಡದೆ ಬಿಟ್ಟು ಕೆಚ್ಚಲನ್ನು ದೊಡ್ಡದಾಗಿ ತೋರಿಸುವ ಮೋಸವು ಸರ್ವತ್ರ ಉಂಟು. ಹಿಂದಿನ ಸಾಯಂಕಾಲ ಪಂಚರ ಎದುರಿಗೆ ಪೂರ್ತಿ ಹಿಂಡಿಸಿ, ಮರುದಿನ ಬೆಳಿಗ್ಗೆಯ ಹಾಲನ್ನು ಅಳೆದು ಎರಡನ್ನೂ ಬರೆಯಿಸಿದರೆ ಆ ಮೋಸವು ನಡೆಯದು. ಹಾಗೆ ಮಾಡಿದ ಕೆಚ್ಚಲು ನೋಟಕ್ಕೆ ಸಣ್ಣದಾಗಿ ಕಂಡರೂ, ಲೆಕ್ಕವು ಕಣ್ಣೆದುರಿಗೆ ಇರುವುದರಿಂದ ಸವಾಲು ಕುಗ್ಗುವುದಿಲ್ಲ.

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ವಾರ್ಷಿಕ ಹರಾಜು ಇದಕ್ಕೆ ತಕ್ಕ ನಿದರ್ಶನವು. ಅಲ್ಲಿ ಗಂಡು ಕರುಗಳನ್ನು ಜೋಡಿಗಳಾಗಿ ಬಹಿರಂಗ ಸವಾಲಿನಲ್ಲಿ ಮಾರುವರು. ದೂರದ ಜಿಲ್ಲೆಗಳ ರೈತರು ಬಂದು ಹೆಚ್ಚಿನ ಬೆಲೆ ಕೂಗುವರು. ಇನ್ನೂ ನೊಗವನ್ನೇ ಹೊರದ ಕರುವಿಗೆ ಆ ಬೆಲೆ ಬರುವುದಕ್ಕೆ ಕಾರಣವು ಮುಖ್ಯವಾಗಿ ತಳಿಯ ಶುದ್ಧತೆಯಲ್ಲಿ ಜನರಿಗಿರುವ ನಂಬಿಕೆ. ಅದೇ ಅಮೃತಮಹಲಿನ ಚರಿತ್ರೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಮೈಸೂರಿನ ಅರಸರು ಬೆಣ್ಣೆಚಾವಡಿಯೆಂಬ ಹೆಸರಿನಿಂದ ಬೆಳೆಸಿದ ಈ ಹಿಂಡನ್ನು 1860ರಲ್ಲಿ ಮದರಾಸು ಸರ್ಕಾರವು ಖರ್ಚು ಉಳಿಸುವ ಉದ್ದೇಶದಿಂದ ಮಾರಿ ಚದುರಿಸಿತು. ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಕಟ್ಟಬೇಕಾಯಿತು. ಕೆಲವೇ ದಿನಗಳಲ್ಲಿ ಮಾರಿಹೋಗಬಲ್ಲ ಹಿಂಡನ್ನು ಕೂಡಿಸಲು ತಲೆಮಾರುಗಳು ಬೇಕು. ಗ್ರಾಮದ ಹರಾಜಿನ ಪಟ್ಟಿಗೆ ಹೆಸರು ಕೊಡುವಾಗ ಒಳ್ಳೆಯ ತಾಯಿದನಗಳನ್ನೂ ಊರಿನ ಬೀಜದ ಹೋರಿಯನ್ನೂ ಹೊರಗಿಡುವುದು ಯುಕ್ತವು.

ತಳಬೆಲೆ ಮತ್ತು ಸವಾಲು

ಪ್ರತಿಯೊಬ್ಬ ಮಾಲೀಕನು ತಾನು ಇಷ್ಟಕ್ಕಿಂತ ಕಡಿಮೆಗೆ ಕೊಡಲಾರೆನೆಂಬ ತಳಬೆಲೆಯನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದು, ಮುಚ್ಚಿ, ಪಂಚರ ವಶಕ್ಕೆ ಕೊಡತಕ್ಕದ್ದು. ಸವಾಲು ಅದನ್ನು ಮುಟ್ಟದಿದ್ದರೆ ಜಾನುವಾರನ್ನು ಹಿಂದಕ್ಕೆ ಒಯ್ಯಲು ಅವನಿಗೆ ಹಕ್ಕಿರುವುದು. ತಳಬೆಲೆಯುಂಟೆಂಬ ಸಂಗತಿಯನ್ನು ಮಾತ್ರ ಎಲ್ಲರಿಗೂ ಸಾರಬೇಕು, ಮೊತ್ತವನ್ನು ಸಾರಬೇಕಾಗಿಲ್ಲ. ಅನೇಕರು ಮಮತೆಯಿಂದ ತಳಬೆಲೆಯನ್ನು ಬಹಳ ಎತ್ತರಕ್ಕೆ ಇಡುವರು. ಹತ್ತರಲ್ಲಿ ಆರು ಜೋಡಿಗಳು ಮಾರಾಟವಾಗದೆ ಹಿಂದಿರುಗಿದರೆ ಮರುವರ್ಷ ಗಿರಾಕಿಗಳು ಆ ಊರಿನ ಹಾದಿಯನ್ನೇ ಹಿಡಿಯರು. ಕಳೆದ ಎರಡು ಜಾತ್ರೆಗಳಲ್ಲಿ ಅಂಥ ಎತ್ತಿಗೆ ನಡೆದ ಬೆಲೆಯನ್ನು ವಿಚಾರಿಸಿ, ಅದಕ್ಕಿಂತ ಸ್ವಲ್ಪ ಕೆಳಗೆ ಇಡುವಂತೆ ಹಿರಿಯರು ತಿಳಿಹೇಳಬೇಕು.

ಕಣದ ಸುತ್ತ ಹಗ್ಗ ಕಟ್ಟಿ, ಒಂದೊಂದೇ ಜೋಡಿಯನ್ನು ಒಳಗೆ ಬಿಡಬೇಕು. ಪಟ್ಟಿಯ ಸಂಖ್ಯೆಯನ್ನು ಸುಣ್ಣದಿಂದ ತೊಡೆಯ ಮೇಲೆ ಬರೆದಿರಬೇಕು. ಅತ್ಯುತ್ತಮವಾದದ್ದನ್ನು ಮೊದಲೇ ಬಿಡಕೂಡದು, ಗಿರಾಕಿಗಳು ಇನ್ನೂ ಬರುತ್ತಿರುವರು. ಕಟ್ಟಕಡೆಗೂ ಉಳಿಸಕೂಡದು, ಹಣವು ಖರ್ಚಾಗಿರುವುದು. ಮಧ್ಯಮ ತರದ ಏಳೆಂಟು ಜೋಡಿಗಳು ಹೋದ ಮೇಲೆ ಅದಕ್ಕೆ ಸಮಯ. ಏರಿಕೆಯು 50,000ದ ತನಕ 500 ರೂಪಾಯಿಗೆ, ಆಮೇಲೆ 1,000ಕ್ಕೆ ಕಡಿಮೆಯಿರಕೂಡದೆಂದು ಮೊದಲೇ ನಿಶ್ಚಯಿಸಿದರೆ ಐವತ್ತು ನೂರಕ್ಕಾಗಿ ಹೊತ್ತು ಹೋಗದು. ಒಂದನೆಯ ಸಾರಿ, ಎರಡನೆಯ ಸಾರಿ ಎಂದು ಕೂಗಿದ ಬಳಿಕ ಕೂಗುವವನು ಸುತ್ತಲೂ ನೋಡಿ, ಎರಡು ಉಸಿರು ತಡೆದು, ಆಮೇಲೆ ಮೂರನೆಯ ಸಾರಿ ಎನ್ನತಕ್ಕದ್ದು. ಆ ಎರಡು ಉಸಿರಿನಲ್ಲಿ ಸಾವಿರ ರೂಪಾಯಿ ಏರಿದ್ದುಂಟು.

1930ರ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣವು ಹರಾಜಿನ ವಿಷಯವನ್ನೇ ಹೇಳುವುದು. ಅದರಂತೆ, ಕೂಗುವವನು ಸುತ್ತಿಗೆಯಿಂದಲೋ ರೂಢಿಯ ಬೇರೆ ರೀತಿಯಿಂದಲೋ ಮುಗಿಯಿತೆಂದು ಸಾರಿದಾಗ ಮಾರಾಟವು ಪೂರ್ಣವಾಗುವುದು. ಅಲ್ಲಿಯ ತನಕ ಸವಾಲು ಹಾಕಿದವನು ಅದನ್ನು ಹಿಂತೆಗೆದುಕೊಳ್ಳಬಹುದು. ಮಾರುವವನು ತಾನೂ ಸವಾಲು ಹಾಕುವೆನೆಂದು ಮೊದಲೇ ಸ್ಪಷ್ಟವಾಗಿ ಪ್ರಕಟಿಸದೆ ತಾನಾಗಲಿ ತನ್ನ ಕಡೆಯವನಿಂದಾಗಲಿ ಸವಾಲು ಹಾಕಿಸುವುದು ಅಕ್ರಮವು. ಬೆಲೆ ಏರಿಸುವುದಕ್ಕಾಗಿ ಸುಳ್ಳು ಸವಾಲು ಹಾಕಿಸಿದ್ದರೆ ಕೊಂಡವನು ಆ ಮಾರಾಟವನ್ನು ರದ್ದುಪಡಿಸಬಹುದು. ಸ್ವಂತ ಅಳಿಯನನ್ನೋ ಭಾವಮೈದುನನನ್ನೋ ಗುಂಪಿನಲ್ಲಿ ನಿಲ್ಲಿಸಿ ಕೂಗಿಸುವ ರೂಢಿಯನ್ನು ಕೆಲವರು ಚಾತುರ್ಯವೆಂದು ತಿಳಿದಿರುವರು. ಅದು ಎರಡನೆಯ ಗಿರಾಕಿಯ ವೇಷ ಹಾಕಿದ ಮೋಸವೇ ಸರಿ. ಹಳ್ಳಿಯಲ್ಲಿ ಯಾರು ಯಾರ ಅಳಿಯನೆಂಬುದು ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಗುವುದು.

ಇದಕ್ಕೆ ವಿರುದ್ಧವಾದ ಮೋಸವು ವರ್ತಕರ ಕೂಟದ್ದು. ನಾಲ್ವರು ದನದ ವ್ಯಾಪಾರಿಗಳು ತಮ್ಮಲ್ಲಿ ಒಬ್ಬನೇ ಕೂಗಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಅಗ್ಗಕ್ಕೆ ಕೊಂಡು, ಸಂಜೆ ಹುಣಸೆಯ ಮರದ ಕೆಳಗೆ ತಮ್ಮೊಳಗೇ ಮತ್ತೊಂದು ಸವಾಲು ನಡೆಸಿ ಲಾಭವನ್ನು ಹಂಚಿಕೊಳ್ಳುವರು. ಇಲ್ಲಿ ಎರಡನೆಯವನು ಕಣದಲ್ಲಿದ್ದೂ ಇಲ್ಲದಂತಾಗುವನು. ಗದರಿಕೆಯಿಂದ ಇದು ನಿಲ್ಲದು. ತಳಬೆಲೆಯ ಚೀಟಿಯೊಂದು ತಡೆ. ಸ್ವಂತ ಬೇಸಾಯಕ್ಕೆ ಎತ್ತು ಬೇಕಾದ ಹತ್ತಿಪ್ಪತ್ತು ರೈತರನ್ನು ಕರೆತರುವುದು ಅದಕ್ಕಿಂತ ದೊಡ್ಡ ತಡೆ. ಅಂಥ ರೈತರಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದ ಸಾಲವು ಹರಾಜಿನ ನಂತರವಲ್ಲ, ಹರಾಜಿನ ಮೊದಲೇ ಮಂಜೂರಾಗಿರುವಂತೆ ಪ್ರಮುಖರು ನೋಡಿಕೊಳ್ಳಬೇಕು.

ಹರಾಜಿನ ಶಿಸ್ತಿಗೆ ಹಳೆಯ ಕಾನೂನೊಂದರಲ್ಲಿ ಮಾದರಿಯುಂಟು. 1871ರ ದನಗಳ ಅತಿಕ್ರಮಣ ಅಧಿನಿಯಮದಲ್ಲಿ, ಕೊಂಡವಾಡಕ್ಕೆ ಹಾಕಿದ ದನವನ್ನು ಏಳು ದಿನಗಳೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ನೋಟೀಸು ಅಂಟಿಸಿ, ಊರಿನಲ್ಲಿಯೂ ಹತ್ತಿರದ ಸಂತೆಯಲ್ಲಿಯೂ ಡಂಗುರ ಹೊಡೆಯಿಸಿ, ಮತ್ತೆ ಏಳು ದಿನ ಕಾದು ಆಮೇಲೆ ಹರಾಜು ಮಾಡತಕ್ಕದ್ದೆಂದೂ, ಪೊಲೀಸು ಅಧಿಕಾರಿಯಾಗಲಿ ಕೊಂಡವಾಡದ ಪಾಲಕನಾಗಲಿ ನೇರವಾಗಿಯೂ ಪರೋಕ್ಷವಾಗಿಯೂ ಆ ದನವನ್ನು ಕೊಳ್ಳಕೂಡದೆಂದೂ ವಿಧಿಸಲಾಯಿತು. ಗ್ರಾಮದ ಹರಾಜಿನಲ್ಲಿಯೂ ಪಂಚರು, ಪಟ್ಟಿ ಬರೆಯುವವರು, ಸವಾಲು ಕೂಗುವವನು, ಇವರು ಯಾರೂ ಆ ದಿನ ಕೊಳ್ಳಕೂಡದು.

ಹಣ ಮತ್ತು ರಸೀದಿ

ಸವಾಲು ಹಾಕುವವರಿಂದ ಬೆಳಿಗ್ಗೆಯೇ 2,000 ರೂಪಾಯಿ ಠೇವಣಿ ಪಡೆದು ಸಂಖ್ಯೆಯ ಚೀಟಿಯನ್ನು ಕೊಡಬೇಕು. ಕೊಳ್ಳದವರಿಗೆ ಸಂಜೆ ಅದನ್ನು ಪೂರ್ತಿ ಹಿಂತಿರುಗಿಸಬೇಕು. ಗೆದ್ದವನು ಕಾಲುಭಾಗವನ್ನು ಅಲ್ಲಿಯೇ, ಉಳಿದದ್ದನ್ನು ಸೂರ್ಯಾಸ್ತದೊಳಗೆ ನಗದಾಗಿಯೋ ಬ್ಯಾಂಕಿನ ಮೂಲಕವೋ ಸಲ್ಲಿಸಬೇಕು. ಉದ್ರಿಯ ಮಾತನ್ನು ಯಾರ ಮುಖ ನೋಡಿಯೂ ಒಪ್ಪಕೂಡದು. ಹಣ ಸಂದಾಯವಾಗುವ ತನಕ ಎತ್ತಿನ ಹಗ್ಗವು ಪಂಚರ ಗೂಟದಲ್ಲಿರತಕ್ಕದ್ದು. ರಸೀದಿಯಲ್ಲಿ ಪಟ್ಟಿಯ ವಿವರವನ್ನು ಪೂರ್ತಿ ನಕಲು ಮಾಡಿ, ಇಬ್ಬರ ಹೆಸರು, ಊರು, ಬೆಲೆ, ಕೊಳ್ಳುವ ಉದ್ದೇಶಗಳನ್ನು ಬರೆದು ಮೂರು ಪ್ರತಿ ಮಾಡಬೇಕು. 2020ರ ರಾಜ್ಯ ಅಧಿನಿಯಮವು ದನಗಳ ವಧೆಯನ್ನೂ ಅದಕ್ಕಾಗಿ ಮಾರುವುದನ್ನೂ ನಿಷೇಧಿಸಿದ ಮೇಲೆ, ಹಾದಿಯಲ್ಲಿ ಬಂಡಿಯನ್ನು ತಡೆದು ಕೇಳಿದಾಗ ಪ್ರಾಮಾಣಿಕ ರೈತನನ್ನು ಕಾಯುವುದು ಈ ಕಾಗದವೇ.

ರೋಗದ ಎಚ್ಚರಿಕೆ

ನಾನಾ ಊರಿನ ದನಗಳು ಒಂದೆಡೆ ಕೂಡುವಲ್ಲಿ ರೋಗವೂ ಕೂಡುವುದು. ಹಿಂದೆ ದೊಡ್ಡ ರೋಗವು ಜಾತ್ರೆಗಳಿಂದಲೇ ಊರೂರಿಗೆ ಹಬ್ಬುತ್ತಿತ್ತು. ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 2011ರಲ್ಲಿ. 2022ರಲ್ಲಿ ಚರ್ಮಗಂಟು ರೋಗವು ಹರಡಿದಾಗ ರಾಜ್ಯದ ಅನೇಕ ಕಡೆ ದನಗಳ ಸಂತೆ ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಕಾಲುಬಾಯಿ ರೋಗದ ಲಸಿಕೆಯನ್ನು ಹರಾಜಿಗೆ ಕನಿಷ್ಠ ಮೂರು ವಾರ ಮುಂಚೆ ಹಾಕಿಸಿದ ದಾಖಲೆಯಿಲ್ಲದೆ ಯಾವುದನ್ನೂ ಒಳಗೆ ಬಿಡಕೂಡದು. ಬಾಯಲ್ಲಿ ಜೊಲ್ಲು, ಮೈಮೇಲೆ ಗಂಟು, ಕುಂಟು ಕಂಡದ್ದನ್ನು ಹೊರಬಾಗಿಲಿನಲ್ಲಿಯೇ ತಡೆಯಬೇಕು. ಕೊಂಡವನು ಮನೆಗೆ ಒಯ್ದ ಮೇಲೆ ಮೂರು ವಾರ ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕುಡಿಸಬೇಕು.

ಕುರಿಗಳನ್ನು ಒಂದೊಂದಾಗಿ ಕೂಗುವುದು ವ್ಯರ್ಥ. ವಯಸ್ಸು ಮತ್ತು ಗಾತ್ರದಲ್ಲಿ ಸಮವಾದ ಹತ್ತು ಅಥವಾ ಇಪ್ಪತ್ತರ ಗುಂಪು ಮಾಡಿ, ಎರಡು ಮೂರನ್ನು ಎಲ್ಲರೆದುರಿಗೆ ತೂಗಿ ತೋರಿಸಿದರೆ ಸಾಕು. ಬಕ್ರೀದಿಗೆ ಮೂರು ನಾಲ್ಕು ವಾರ ಮುಂಚೆ ಟಗರುಗಳಿಗೆ ಗಿರಾಕಿಗಳು ತಾವಾಗಿಯೇ ಬರುವರು.

ಬರಗಾಲದ ವರ್ಷ

ಇದೊಂದು ವಿಷಯದಲ್ಲಿ ಗ್ರಾಮಪ್ರಮುಖರು ವಿಶೇಷವಾಗಿ ಎಚ್ಚರದಿಂದಿರಬೇಕು. ರಾಯಚೂರು ಸೀಮೆಗೆ ಬರಗಾಲವು ಹೊಸತಲ್ಲ. 1876ರಿಂದ 1878ರ ತನಕದ ಮಹಾಕ್ಷಾಮದ ನೆನಪು ಇಡೀ ದಖ್ಖಣದಲ್ಲಿ ಬಹುಕಾಲ ಉಳಿಯಿತು. ಮೇವು ತೀರಿ, ಚೈತ್ರ ವೈಶಾಖಗಳಲ್ಲಿ ಎಲ್ಲರೂ ಒಮ್ಮೆಗೇ ಎತ್ತು ಬಿಚ್ಚಿ ಹೊರಟಾಗ ಎಷ್ಟು ಚೆನ್ನಾಗಿ ನಡೆಸಿದ ಹರಾಜಿನಿಂದಲೂ ಪ್ರಯೋಜನವಾಗದು. ಅಲ್ಲಿ ಎಲ್ಲರೂ ಮಾರುವವರೇ. ಎರಡನೆಯ ಗಿರಾಕಿಯನ್ನು ತರುವುದೆಲ್ಲಿಂದ? ಮಾರಿದವನು ಮಳೆ ಬಿದ್ದ ಬಳಿಕ ಅದೇ ಎತ್ತಿಗೆ ಇಮ್ಮಡಿ ಕೊಟ್ಟು ಕೊಳ್ಳಬೇಕಾಗುವುದು, ಇಲ್ಲವೆ ಹೊಲವನ್ನು ಪಾಲಿಗೆ ಕೊಡಬೇಕಾಗುವುದು. ಆದ್ದರಿಂದ ಮುಂಗಾರು ಕೈಕೊಟ್ಟು ಹಿಂಗಾರೂ ಸಂದೇಹವೆಂದು ಕಂಡೊಡನೆ, ದೀಪಾವಳಿಯ ಮುಂಚೆಯೇ, ದನಗಳು ಮೈಕೈ ತುಂಬಿಕೊಂಡಿರುವಾಗ, ಊರಿಗೆ ಹೆಚ್ಚಾದವುಗಳನ್ನು ಆರಿಸಿ ಒಂದು ಸಣ್ಣ ಹರಾಜನ್ನು ನಡೆಸಬೇಕು. ಕಾಲುವೆಯ ನೀರಿರುವ ಹಳ್ಳಿಗಳವರಿಗೆ ಆಗಲೂ ಕೊಳ್ಳುವ ಶಕ್ತಿಯಿರುವುದು. ಕರಪತ್ರಗಳನ್ನು ಅತ್ತ ಕಳುಹಿಸಬೇಕು. ಆ ಕಾಲವು ಮೀರಿದ ಮೇಲೆ ಉಳುವ ಜೋಡಿಗಳನ್ನು ಪಟ್ಟಿಗೆ ಸೇರಿಸದೆ, ಮೇವಿನ ಬ್ಯಾಂಕಿಗೂ ಗೋಶಾಲೆಗೂ ಅರ್ಜಿ ಹಾಕಿಸುವುದೇ ಪ್ರಮುಖರ ಕರ್ತವ್ಯ. ಹರಾಜಿನ ಶುಲ್ಕದ ಆಸೆಗೆ ಅಂಥ ವರ್ಷ ಪಟ್ಟಿಯನ್ನು ಉದ್ದಮಾಡಕೂಡದು.

ಹರಾಜು ಮುಗಿದ ಮರುದಿನ ಪ್ರತಿಯೊಂದು ಜೋಡಿಯ ಸಂಖ್ಯೆ, ಹಲ್ಲು, ಬಂದ ಬೆಲೆ, ಗೆದ್ದವನ ಸವಾಲಿಗೆ ಹಿಂದಿನ ಕೊನೆಯ ಸವಾಲು, ಇವುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಪಂಚಾಯತಿಯ ಗೋಡೆಗೆ ಅಂಟಿಸತಕ್ಕದ್ದು. ಮಾರಾಟವಾಗದೆ ಹಿಂದಿರುಗಿದವುಗಳನ್ನೂ ಅದರಲ್ಲಿ ಕಾಣಿಸಬೇಕು. ಓದುಬಾರದವರಿಗಾಗಿ ಅದನ್ನು ಸಂಜೆ ಕಟ್ಟೆಯ ಬಳಿ ಒಮ್ಮೆ ಗಟ್ಟಿಯಾಗಿ ಓದಿಸಬೇಕು.